ಚಕ್ರದ ಮೇಲೆ ಕಟ್ಟಿದ ಪಣ

ನಾನು ಐದನೆಯ ಕ್ಲಾಸಿನಲ್ಲಿದ್ದಾಗ ನಮ್ಮ ಬಡಾವಣೆಯ ಬಯಲಿಗೆ ಒಬ್ಬ ಸೈಕಲ್ ಸವಾರ ಬಂದಿದ್ದ. ಏಳು ಹಗಲು ಏಳು ರಾತ್ರಿ ನೆಲಕ್ಕೆ ಕಾಲೂರದೆ ಸೈಕಲ್ ಮೇಲೆ ಸುತ್ತುವುದು ಅವನ ಕಸುಬು. ಬಯಲಿನ ನಡುವೆ ಒಂದು ಕಂಬ, ಕಂಬದ ತುದಿಯಲ್ಲಿ ಧ್ವನಿವರ್ಧಕ, ಸುತ್ತಲೂ ಬಣ್ಣದ ಬಲ್ಬಿನ ಸರ. ಅವನ ಸ್ನಾನ, ಊಟ, ಹಲ್ಲುಜ್ಜುವುದು ಎಲ್ಲವೂ ಸೈಕಲ್ ಮೇಲೆಯೇ. ನೋಡಲು ಬಂದವರು ಒಂದು ರೂಪಾಯಿ, ಎರಡು ರೂಪಾಯಿ ನೋಟನ್ನು ಅವನ ಅಂಗಿಗೆ ಪಿನ್ನಿನಿಂದ ಚುಚ್ಚುತ್ತಿದ್ದರು. ನಮ್ಮಂಥ ಮಕ್ಕಳಿಗೆ ಶಾಲೆ ಬಿಟ್ಟರೆ ಅದೇ ಜಾತ್ರೆ.

ಐದನೆಯ ರಾತ್ರಿ ಬೀಡಾ ಅಂಗಡಿಯ ಮುಂದೆ ಗಂಡಸರು ಪಂಥ ಕಟ್ಟಿದರು. ಬೆಳಗಾಗುವುದರೊಳಗೆ ಅವನು ಬೀಳುತ್ತಾನೋ, ಇಲ್ಲವೋ? ನಮ್ಮಪ್ಪನೂ ಎರಡು ರೂಪಾಯಿ ಕಟ್ಟಿದ್ದರು, ಬೀಳುತ್ತಾನೆ ಎಂದು. ಅವನು ಬೀಳಲಿಲ್ಲ. ಬೆಳಿಗ್ಗೆ ಅಪ್ಪ ಮುಖ ಸಣ್ಣದು ಮಾಡಿಕೊಂಡು ಮಿಲ್ಲಿಗೆ ಹೋದ ಮೇಲೆ ಅವ್ವ ಒಂದು ದೊಡ್ಡ ಲೋಟದ ತುಂಬ ಹಾಲು ಕಾಸಿ, ಸಕ್ಕರೆ ಹಾಕಿ, ನನ್ನ ಕೈಗೆ ಕೊಟ್ಟಳು. “ಆ ಸೈಕಲ್ಲಿನವನಿಗೆ ಕೊಟ್ಟು ಬಾ. ನಿಮ್ಮಪ್ಪ ಅವನು ಬೀಳ್ಲಿ ಅಂದಿದ್ದಕ್ಕೆ” ಎಂದಳು. ಅವಳ ಮಾತಿನ ಅರ್ಥ ಆಗ ನನಗೆ ತಿಳಿಯಲಿಲ್ಲ. ಹಾಲು ಚೆಲ್ಲದಂತೆ ಹಿಡಿದುಕೊಂಡು ಸುತ್ತುವ ಸೈಕಲ್ಲಿನ ಜೊತೆ ಓಡುವುದು ಹೇಗೆ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಈ ಪ್ರಸಂಗ ನಲವತ್ತು ವರ್ಷ ಎಲ್ಲಿ ಅಡಗಿ ಕುಳಿತಿತ್ತೋ. 2021ರ ಆಗಸ್ಟ್ 8ರಂದು ಅದು ಥಟ್ಟನೆ ಎದ್ದು ಬಂತು. ಹಿಂದಿನ ದಿನವಷ್ಟೇ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಜಾವೆಲಿನ್ ಎಸೆದು ಚಿನ್ನ ಗೆದ್ದಿದ್ದ. ಆ ಸಂಭ್ರಮದಲ್ಲಿ ಭಾನುವಾರವೂ ಟಿ.ವಿ. ಮುಂದೆಯೇ ಕೂತಿದ್ದೆ. ಪರದೆಯ ಮೇಲೆ ಬಾಣಲೆಯ ಹಾಗೆ ಅಂಚು ಎತ್ತರಿಸಿದ ಒಂದು ಗುಂಡನೆಯ ಅಂಗಣ. ಮುಂದೆ ಒಂದು ಮೋಟಾರು ಸೈಕಲ್ ಮೆಲ್ಲಗೆ ಹೋಗುತ್ತಿದೆ, ಅದರ ಹಿಂದೆ ಆರು ಜನ ಸವಾರರು ಮದುವೆ ಮೆರವಣಿಗೆಯವರ ಹಾಗೆ ಸಾಲಾಗಿ, ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಸಾಗುತ್ತಿದ್ದಾರೆ. ಇದೆಂಥ ಓಟ ಎಂದುಕೊಳ್ಳುವಷ್ಟರಲ್ಲಿ ಮೋಟಾರು ಪಕ್ಕಕ್ಕೆ ಸರಿಯಿತು. ಆಮೇಲಿನದು ಓಟವಲ್ಲ, ಬಿರುಗಾಳಿ. ಈ ಸ್ಪರ್ಧೆಯ ಹೆಸರು ‘ಕೇರಿನ್’ ಎಂದು ಮಗ ಹೇಳಿದ. “ಜಪಾನಿನಲ್ಲಿ ಇದು ಕುದುರೆ ರೇಸ್ ಇದ್ದಂಗೆ ಅಮ್ಮ. ಜನ ಟಿಕೆಟ್ ತಗೊಂಡು ದುಡ್ಡು ಕಟ್ತಾರೆ. ಸರ್ಕಾರನೇ ನಡೆಸೋದು” ಎಂದು ಸೇರಿಸಿದ.

ಸರ್ಕಾರವೇ ಜೂಜು ನಡೆಸುವುದು ಎಂದೊಡನೆ ನನಗೆ ಅಪ್ಪ ನೆನಪಾದರು, ಸೈಕಲ್ ಎಂದೊಡನೆ ಆ ಹಾಲಿನ ಲೋಟ. ಆಗ ಶಾಲೆಗಳು ಮುಚ್ಚಿದ್ದವು, ಕೈಯಲ್ಲಿ ಸಮಯವಿತ್ತು. ಸಮಾಜ ವಿಜ್ಞಾನ ಕಲಿಸುವವಳಿಗೆ ಒಂದು ಎಳೆ ಸಿಕ್ಕರೆ ಬಿಡಲಾಗುವುದಿಲ್ಲ. ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದಂತೆ ಇದು ಬರೀ ಆಟದ ಕಥೆಯಲ್ಲ, ಯುದ್ಧದಲ್ಲಿ ಸೋತು ಬರಿಗೈಯಾದ ಒಂದು ದೇಶ ತನ್ನ ಸಂಸಾರ ತೂಗಿಸಿದ ಕಥೆ ಎಂದು ಗೊತ್ತಾಯಿತು. ಅದರಲ್ಲಿ ನಾವು ಹೆಂಗಸರು ಕೇಳಿಸಿಕೊಳ್ಳಬೇಕಾದ ಒಂದು ಭಾಗವೂ ಇದೆ.

ಕಥೆ ಶುರುವಾಗುವುದು ಜಪಾನಿನ ಕ್ಯೂಶು ದ್ವೀಪದ ಕೊಕುರಾ ಎಂಬ ಪಟ್ಟಣದಲ್ಲಿ. ಈ ಊರಿನ ಹೆಸರನ್ನು ನಾವು ಪಾಠದಲ್ಲಿ ಹೇಳುವುದಿಲ್ಲ. ಹಿರೋಶಿಮಾ, ನಾಗಸಾಕಿ ಎಂದು ಎರಡು ಹೆಸರು ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತೇವೆ. ಆದರೆ 1945ರ ಆಗಸ್ಟ್ 9ರಂದು ಎರಡನೆಯ ಅಣುಬಾಂಬು ಹೊತ್ತ ವಿಮಾನ ಮೊದಲು ಹೋದದ್ದು ಕೊಕುರಾದ ಮೇಲೆ. ಅಲ್ಲಿ ದೊಡ್ಡ ಶಸ್ತ್ರಾಸ್ತ್ರ ಕಾರ್ಖಾನೆಯಿತ್ತು. ಆ ದಿನ ಮೋಡವೋ ಹೊಗೆಯೋ ಮುಸುಕಿ ಗುರಿ ಕಾಣಲಿಲ್ಲ. ವಿಮಾನ ಸುತ್ತು ಹಾಕಿ, ಕೊನೆಗೆ ನಾಗಸಾಕಿಯ ಕಡೆ ತಿರುಗಿತು. ಒಂದು ಮೋಡ ಒಂದು ಊರನ್ನು ಉಳಿಸಿತು, ಇನ್ನೊಂದನ್ನು ಸುಟ್ಟಿತು. ಅದೃಷ್ಟ ಎಂಬ ಮಾತನ್ನು ಆ ಊರಿನವರಷ್ಟು ಬಲ್ಲವರು ಇನ್ನಾರಿದ್ದಾರು?

ಮೂರೇ ವರ್ಷಗಳ ನಂತರ, 1948ರ ನವೆಂಬರ್ 20ರಂದು, ಜಪಾನಿನ ಮೊಟ್ಟಮೊದಲ ಪಣದ ಸೈಕಲ್ ರೇಸ್ ನಡೆದದ್ದು ಅದೇ ಕೊಕುರಾದಲ್ಲಿ. ಅದೇ ವರ್ಷದ ಆಗಸ್ಟ್ 1ರಂದು ಅಲ್ಲಿನ ಸರ್ಕಾರ ಇದಕ್ಕಾಗಿಯೇ ಒಂದು ಕಾಯ್ದೆ ತಂದಿತ್ತು. ಜೂಜು ಜಪಾನಿನಲ್ಲೂ ಅಪರಾಧವೇ. ಆದರೆ ಪ್ರತ್ಯೇಕ ಕಾಯ್ದೆ ಮಾಡಿ ಕೆಲವನ್ನು ಮಾತ್ರ ಸರ್ಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿತು. ಕುದುರೆ ಮೊದಲೇ ಇತ್ತು. 1948ರಲ್ಲಿ ಸೈಕಲ್, 1950ರಲ್ಲಿ ಮೋಟಾರ್ ಸೈಕಲ್, 1951ರಲ್ಲಿ ಮೋಟಾರ್ ದೋಣಿ ಬಂದವು. ‘ಕೇರಿನ್’ ಎಂದರೆ ಸ್ಪರ್ಧೆಯ ಚಕ್ರ ಎಂದರ್ಥ. ಯುದ್ಧದಲ್ಲಿ ಊರುಗಳು ಸುಟ್ಟು ಬೂದಿಯಾಗಿದ್ದವು. ಪುರಸಭೆಗಳ ಬೊಕ್ಕಸದಲ್ಲಿ ಏನೂ ಇರಲಿಲ್ಲ. ಮನೆ ಬೇಕು, ಶಾಲೆ ಬೇಕು, ರಸ್ತೆ ಬೇಕು. ತೆರಿಗೆ ಹಾಕೋಣವೆಂದರೆ ಕೊಡುವವರ ಹೊಟ್ಟೆಯೇ ಖಾಲಿ. ಹಾಗಾಗಿ ಊರಿನ ಆಡಳಿತಕ್ಕೆ ಹಣ ಬರಲಿ, ಸೈಕಲ್ ಉದ್ಯಮವೂ ಚೇತರಿಸಿಕೊಳ್ಳಲಿ ಎಂದು ಈ ದಾರಿ ಹಿಡಿದರು. ಕೊಕುರಾದಲ್ಲಿ ಜನ ಮುಗಿಬಿದ್ದದ್ದು ಕಂಡು ಬೇರೆ ಊರುಗಳೂ ಒಂದರ ಹಿಂದೊಂದು ಅಂಗಣ ಕಟ್ಟಿದವು.

ಈ ಪಣದ ಲೆಕ್ಕ ಹೇಗೆ ಎಂದು ಸ್ವಲ್ಪ ಹೇಳುತ್ತೇನೆ. ಲೆಕ್ಕವೆಂದರೆ ಪುಟ ತಿರುಗಿಸಬೇಡಿ, ನಮ್ಮ ಚೀಟಿ ವ್ಯವಹಾರಕ್ಕಿಂತ ಸುಲಭ. ನೂರು ಜನ ತಲಾ ಹತ್ತು ರೂಪಾಯಿ ಕಟ್ಟಿದರು ಎನ್ನಿ, ಒಟ್ಟು ಸಾವಿರವಾಯಿತು. ನಡೆಸುವವರು ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ ಇನ್ನೂರೈವತ್ತು ರೂಪಾಯಿ, ಮೊದಲೇ ಎತ್ತಿಟ್ಟುಕೊಳ್ಳುತ್ತಾರೆ. ಸವಾರರ ಬಹುಮಾನ, ಖರ್ಚು, ಊರಿನ ಪಾಲು ಎಲ್ಲ ಅದರಲ್ಲೇ. ಉಳಿದ ಏಳುನೂರೈವತ್ತು ಗೆದ್ದವರಿಗೆ ಹಂಚಿಕೆ. ಎಲ್ಲರೂ ನೆಚ್ಚಿದ ಸವಾರ ಗೆದ್ದರೆ ಹಂಚಿಕೊಳ್ಳುವವರು ಹೆಚ್ಚು, ಕೈಗೆ ಬರುವುದು ಕಡಿಮೆ. ಯಾರೂ ನೆಚ್ಚದವನು ಗೆದ್ದರೆ ಕೆಲವರಿಗೆ ಹಬ್ಬ. ಇದರಲ್ಲಿ ಮೋಸವಿಲ್ಲ, ಎಲ್ಲ ಬಹಿರಂಗ. ಆದರೆ ಒಂದು ಮಾತು ಗಮನಿಸಿ: ಸೈಕಲ್ ಹೊರಡುವ ಮೊದಲೇ ಕಟ್ಟಿದವರೆಲ್ಲ ಸೇರಿ ಕಾಲು ಭಾಗ ಸೋತಾಗಿದೆ. ಉಳಿದ ಏಳುನೂರೈವತ್ತನ್ನು ಎಲ್ಲರೂ ಮತ್ತೆ ಕಟ್ಟಿದರೆ ಉಳಿಯುವುದು ಐನೂರ ಅರವತ್ತೆರಡು. ಹೀಗೆ ಐದು ಸಲ ಸುತ್ತಿದರೆ ಸಾವಿರದಲ್ಲಿ ಇನ್ನೂರ ನಲವತ್ತೂ ಉಳಿಯುವುದಿಲ್ಲ. ಯಾರೋ ಒಬ್ಬ ಗೆದ್ದು ನಗುತ್ತ ಮನೆಗೆ ಹೋಗಬಹುದು. ಆದರೆ ಅಷ್ಟೂ ಮನೆಗಳ ಅಡುಗೆಮನೆ ಡಬ್ಬಿಗಳನ್ನು ಒಟ್ಟಿಗಿಟ್ಟು ನೋಡಿದರೆ ಅವು ಹಗುರಾಗಿರುತ್ತವೆ.

ಓಟದಲ್ಲಿ ಹೆಚ್ಚೆಂದರೆ ಒಂಬತ್ತು ಜನ. ಒಂದನೆಯವನಿಗೆ ಬಿಳಿ ಅಂಗಿ, ಎರಡನೆಯವನಿಗೆ ಕಪ್ಪು, ಮೂರನೆಯವನಿಗೆ ಕೆಂಪು ಎಂದು ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ದೂರ ಸುಮಾರು ಎರಡು ಕಿಲೋಮೀಟರ್. ಸೈಕಲ್ಲಿಗೆ ಬ್ರೇಕ್ ಇಲ್ಲ, ಗೇರು ಒಂದೇ, ಪೆಡಲ್ ನಿಲ್ಲಿಸಿದರೆ ಚಕ್ರವೂ ನಿಲ್ಲಬೇಕು. ಮುಂದೆ ಒಬ್ಬ ದಾರಿ ತೋರುವ ಸವಾರ ವೇಗ ಕಾಯ್ದುಕೊಂಡು ಹೋಗುತ್ತಾನೆ, ಕೊನೆಯ ಸುತ್ತುಗಳಿಗೆ ಮುನ್ನ ಅವನು ಸರಿಯುತ್ತಾನೆ, ಗಂಟೆ ಬಾರಿಸುತ್ತದೆ. ಕೊನೆಯಲ್ಲಿ ವೇಗ ಗಂಟೆಗೆ 70 ಕಿಲೋಮೀಟರ್ ಹತ್ತಿರಕ್ಕೆ ಹೋಗುತ್ತದೆ. ಮುಂದೆ ಹೋಗುವವನು ಗಾಳಿಯನ್ನು ಎದೆಯಿಂದ ಸೀಳಬೇಕು, ಹಿಂದಿನವನಿಗೆ ಅವನ ಬೆನ್ನಿನ ಆಸರೆ. ಅದಕ್ಕೇ ಒಂದೇ ಸೀಮೆಯ ಸವಾರರು ಎರಡು ಮೂರು ಜನ ಸಾಲು ಕಟ್ಟುತ್ತಾರೆ. ಕಿರಿಯನು ಮುಂದೆ ಗಾಳಿಗೆ ಎದೆ ಕೊಡುತ್ತಾನೆ, ಹಿರಿಯನು ಹಿಂದೆ ನಿಂತು ಬೇರೆಯವರು ನುಗ್ಗದಂತೆ ತಡೆಯುತ್ತಾನೆ. ಯಾರು ಯಾರ ಹಿಂದೆ ಎಂಬುದನ್ನು ಪಣ ಕಟ್ಟುವವರಿಗೆ ಮೊದಲೇ ತಿಳಿಸಿರುತ್ತಾರೆ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಗಾಳಿಗೆ ಎದೆ ಕೊಟ್ಟಿರುತ್ತಾರೆ, ಉಳಿದವರು ಬೆನ್ನ ಹಿಂದೆ ಬೆಚ್ಚಗಿರುತ್ತಾರೆ. ಯಾರೆಂದು ನಾನು ಹೇಳಬೇಕಿಲ್ಲ.

ದುಡ್ಡು ಇರುವ ಕಡೆ ಅನುಮಾನವೂ ಇರುತ್ತದೆ. ಬೇಕೆಂದೇ ಸೋತ, ಒಳಗೊಳಗೆ ಮಾತಾಡಿಕೊಂಡರು ಎಂಬ ಗದ್ದಲ ಮೊದಲ ವರ್ಷಗಳಲ್ಲಿ ಮೇಲಿಂದ ಮೇಲೆ ಎದ್ದಿತು. 1950ರ ಸೆಪ್ಟೆಂಬರ್ 9ರಂದು ಹ್ಯೋಗೊ ಪ್ರಾಂತ್ಯದ ನರುಓ ಅಂಗಣದಲ್ಲಿ ಒಬ್ಬ ಸವಾರನ ಸೈಕಲ್ ಓಟದಲ್ಲಿ ಕೈಕೊಟ್ಟಿತು. ಹಣ ಕಳೆದುಕೊಂಡವರು ರೊಚ್ಚಿಗೆದ್ದರು. ಬೆಂಕಿ ಬಿತ್ತು, ಪೊಲೀಸರ ಗುಂಡು ಹಾರಿತು, ಒಂದು ಜೀವ ಹೋಯಿತು. ಇಡೀ ದೇಶದಲ್ಲಿ ಸುಮಾರು ಎರಡು ತಿಂಗಳು ಓಟಗಳನ್ನು ನಿಲ್ಲಿಸಿದರು. ಮತ್ತೆ ಶುರು ಮಾಡಿದಾಗ ಸವಾರರ ಮೇಲೆ ಬಿಗಿ ಬಂತು. ಅವರಿಗಾಗಿ ತರಬೇತಿ ಶಾಲೆಯೊಂದು ಹುಟ್ಟಿತು. 1968ರಲ್ಲಿ ಅದು ಇಝು ಪ್ರದೇಶದ ಶುಝೆಂಜಿಗೆ ಹೋಯಿತು. ನಾನು ಟಿ.ವಿ.ಯಲ್ಲಿ ನೋಡಿದ ಒಲಿಂಪಿಕ್ ಅಂಗಣವೂ ಅಲ್ಲೇ ಇರುವುದು. ಅಲ್ಲಿ ಕಲಿತು ಪರವಾನಗಿ ಪಡೆದವರು ಮಾತ್ರ ಸವಾರರು. ಈಗಲೂ ರೇಸಿಗೆ ಹಿಂದಿನ ದಿನವೇ ಸವಾರರು ವಸತಿಗೆ ಬಂದು ಸೇರಬೇಕು, ಫೋನನ್ನು ಒಪ್ಪಿಸಬೇಕು. ಆ ಕೂಟ ಮುಗಿಯುವವರೆಗೆ ಹೊರಗಿನವರೊಂದಿಗೆ, ಮನೆಯವರೊಂದಿಗೆ ಸಹ, ಮಾತಿಲ್ಲ. ನಮ್ಮ ಪರೀಕ್ಷಾ ಕೇಂದ್ರಗಳ ಬಿಗಿ ಇದರ ಮುಂದೆ ಏನೂ ಅಲ್ಲ.

ಈ ಕಸುಬಿನಿಂದಲೇ ದೊಡ್ಡ ಆಟಗಾರರೂ ಬಂದರು. ಫುಕುಓಕ ಪ್ರಾಂತ್ಯದ ಕೊಯಿಚಿ ನಕಾನೊ 1977ರಿಂದ 1986ರವರೆಗೆ ಸತತ ಹತ್ತು ಬಾರಿ ವಿಶ್ವ ಸ್ಪ್ರಿಂಟ್ ಚಾಂಪಿಯನ್ ಆದ. 1980ರಲ್ಲಿ ಅವನ ಒಂದು ವರ್ಷದ ಬಹುಮಾನದ ಮೊತ್ತ ಹತ್ತು ಕೋಟಿ ಯೆನ್ ದಾಟಿತು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕೇರಿನ್‌ಗೆ ಜಾಗ ಸಿಕ್ಕಿತು. ಜೂಜಿನಂಗಳದಲ್ಲಿ ಹುಟ್ಟಿದ್ದು ಒಲಿಂಪಿಕ್ ಅಂಗಳಕ್ಕೆ ಬಂತು.

ಇನ್ನು ಹೆಂಗಸರ ಭಾಗ. ಜಪಾನಿನ ಮಹಿಳೆಯರು ಮೊದಲ ಸಲ ಮತ ಹಾಕಿದ್ದು 1946ರ ಏಪ್ರಿಲ್‌ನಲ್ಲಿ. ಮೂರು ವರ್ಷದೊಳಗೆ, 1949ರಿಂದ, ಅವರು ಪಣದ ಅಂಗಣದಲ್ಲಿ ಕೂಲಿಗಾಗಿ ಸೈಕಲ್ ತುಳಿಯತೊಡಗಿದರು. ನಮ್ಮಲ್ಲಿ ಆ ಕಾಲಕ್ಕೆ ಹೆಣ್ಣುಮಗಳು ಸೈಕಲ್ ಹತ್ತಿದರೆ ಬೀದಿ ಬೀದಿಯೇ ನಿಂತು ನೋಡುತ್ತಿತ್ತು. ಅವರು ಸಾವಿರಾರು ಗಂಡಸರ ಕೂಗಿನ ನಡುವೆ, ಬ್ರೇಕಿಲ್ಲದ ಸೈಕಲ್ ಮೇಲೆ, ಇಳಿಜಾರು ಅಂಚಿನಲ್ಲಿ ಸುತ್ತಿ ಸಂಪಾದನೆ ಮಾಡಿದರು. ಬಿದ್ದರೆ ಮೂಳೆ ಮುರಿಯುವ ಕೆಲಸ. ಸವಾರರ ಸಂಖ್ಯೆ ನೂರುಗಟ್ಟಲೆ ಬೆಳೆಯಿತು.

ಆದರೆ ಹದಿನೈದು ವರ್ಷಕ್ಕೇ ಅದು ಮುಗಿಯಿತು. ಹೊಸಬರು ಬರುವುದು ಕಡಿಮೆಯಾಯಿತು. ಕೆಲವೇ ಗಟ್ಟಿಗಿತ್ತಿಯರು ಪದೇ ಪದೇ ಗೆಲ್ಲತೊಡಗಿದರು. ಆಟದಲ್ಲಿ ಇದು ಮೆಚ್ಚುವ ಮಾತು, ಪಣದಲ್ಲಿ ಇದೇ ದೋಷ. ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಾದರೆ ದುಡ್ಡು ಕಟ್ಟುವವರಾರು? ಟಿಕೆಟ್ ಮಾರಾಟ ಇಳಿಯಿತು. 1964ರಲ್ಲಿ ಮಹಿಳೆಯರ ಕೇರಿನ್ ರದ್ದಾಯಿತು. ಅದೇ ವರ್ಷ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆದು, ಜಪಾನಿನ ಮಹಿಳಾ ವಾಲಿಬಾಲ್ ತಂಡ ಚಿನ್ನ ಗೆದ್ದು, ಇಡೀ ದೇಶ ಆ ಹುಡುಗಿಯರನ್ನು ಹೊಗಳಿ ಮೆರೆಸಿತು. ಸೈಕಲ್ಲಿನ ಹೆಂಗಸರು ಮಾತ್ರ ಕೆಲಸ ಕಳೆದುಕೊಂಡು ಮನೆಗೆ ಹೋದರು.

ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಜೂಜೆಂದರೆ ನಮಗೆ ಮೊದಲು ನೆನಪಾಗುವುದು ದ್ರೌಪದಿ. ಅವಳನ್ನು ಕೇಳದೆ ಪಣಕ್ಕಿಟ್ಟರು, ಅವಳು ಸಭೆಯಲ್ಲಿ ನಿಂತು, ತನ್ನನ್ನೇ ಸೋತವನಿಗೆ ನನ್ನನ್ನು ಒಡ್ಡುವ ಹಕ್ಕು ಎಲ್ಲಿಯದು ಎಂದು ಪ್ರಶ್ನೆ ಹಾಕಿದಳು. ಈ ಸೈಕಲ್ ಹೆಂಗಸರು ದ್ರೌಪದಿಯರಲ್ಲ. ತಾವಾಗಿ ಬಂದವರು, ಬೆವರಿಗೆ ಸಂಬಳ ಪಡೆದವರು. ತುಳಿಯುವವರದು ಜೂಜಲ್ಲ, ದುಡಿಮೆ. ಜೂಜು ಕಟಕಟೆಯ ಆಚೆ ನಿಂತವನದು. ಆದರೂ ಅವರ ಅನ್ನ ಅವನ ಆಸೆಯ ಮೇಲೆ ನಿಂತಿತ್ತು. ಅವನ ಆಸೆ ಬತ್ತಿದ ದಿನ, ಎಷ್ಟೇ ಚೆನ್ನಾಗಿ ತುಳಿಯಲಿ, ಕೆಲಸ ಹೋಯಿತು. ಚೆನ್ನಾಗಿ ತುಳಿದದ್ದೇ ತಪ್ಪಾಯಿತು.

ನಲವತ್ತೆಂಟು ವರ್ಷ ಕಳೆದ ಮೇಲೆ, 2012ರ ಜುಲೈನಲ್ಲಿ, ಹಿರಾತ್ಸುಕಾ ಅಂಗಣದಲ್ಲಿ ‘ಗರ್ಲ್ಸ್ ಕೇರಿನ್’ ಎಂಬ ಹೆಸರಿನಲ್ಲಿ ಅದು ಮತ್ತೆ ಶುರುವಾಯಿತು. ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕೇರಿನ್ ಸೇರಿತ್ತು. ಈಗ ಓಟಕ್ಕೆ ಏಳು ಜನ, ಸಾಲು ಕಟ್ಟುವ ಹಾಗಿಲ್ಲ, ಒಬ್ಬೊಬ್ಬಳದೂ ಅವಳವಳದೇ ಹೋರಾಟ. ನಾನು ಟಿ.ವಿ. ನೋಡುತ್ತಿದ್ದ ಆ ಭಾನುವಾರವೇ ಯುಮಿ ಕಜಿಹಾರಾ ಎಂಬ ಹುಡುಗಿ ಆಮ್ನಿಯಂ ಎಂಬ ಸೈಕಲ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಳು. ಅವಳೂ ಪಣದ ಅಂಗಣದಿಂದ ಬಂದವಳೇ. 2024ರಲ್ಲಿ ಮಿನಾ ಸಾತೊ ಕೇರಿನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು.

ಇಷ್ಟನ್ನೆಲ್ಲ ಹೇಳಿ, ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ ಉತ್ತರ ಸುಲಭವಲ್ಲ. 1967ರಲ್ಲಿ ಟೋಕಿಯೊದ ಗವರ್ನರ್ ಆದ ರ್ಯೋಕಿಚಿ ಮಿನೊಬೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟರು. ಜೂಜಿನ ಹಣದಿಂದ ಆಡಳಿತ ನಡೆಸುವುದು ಬೇಡ ಎಂದು ಅವರು ಟೋಕಿಯೊ ಆಡಳಿತವನ್ನು ಅದರಿಂದ ಹೊರಗೆ ತಂದರು. ನಗರದ ನಡುವೆ ಇದ್ದ, ಕೈತುಂಬ ಹಣ ತರುತ್ತಿದ್ದ ಕೊರಾಕುಯೆನ್ ಅಂಗಣದಲ್ಲಿ 1972ರಲ್ಲಿ ಓಟ ನಿಂತಿತು. ಆ ಜಾಗದಲ್ಲಿ 1988ರಲ್ಲಿ ಟೋಕಿಯೊ ಡೋಮ್ ಎಂಬ ಬೇಸ್‌ಬಾಲ್ ಅಂಗಣ ಎದ್ದಿತು. ಆದರೆ ಬೇರೆ ಊರುಗಳು ಬಿಡಲಿಲ್ಲ. 1991ರ ಸುಮಾರಿಗೆ ದೇಶದ ಕೇರಿನ್ ಟಿಕೆಟ್ ಮಾರಾಟ ವರ್ಷಕ್ಕೆ ಎರಡು ಲಕ್ಷ ಕೋಟಿ ಯೆನ್ ಹತ್ತಿರ ಹೋಗಿತ್ತು. ಆಮೇಲೆ ಇಳಿಯಿತು. ಅಂಗಣಕ್ಕೆ ಬರುವವರು ವಯಸ್ಸಾದ ಗಂಡಸರು ಮಾತ್ರ ಎಂಬಂತಾಗಿ ಕೆಲವು ಅಂಗಣಗಳು ಮುಚ್ಚಿದವು. 2011ರ ಜನವರಿಯಲ್ಲಿ ಅದೇ ಕೊಕುರಾದಲ್ಲಿ ಹೊಸ ಉಪಾಯ ಹೂಡಿದರು: ರಾತ್ರಿ ಹೊತ್ತು, ಖಾಲಿ ಅಂಗಣದಲ್ಲಿ, ಒಬ್ಬನೇ ಒಬ್ಬ ಪ್ರೇಕ್ಷಕನೂ ಇಲ್ಲದೆ ಓಟ. ಜನ ಮನೆಯಲ್ಲಿ ಮಲಗಿಕೊಂಡೇ ಫೋನಿನಲ್ಲಿ ಪಣ ಕಟ್ಟುತ್ತಾರೆ. ಮಾರಾಟ ಮತ್ತೆ ಏರತೊಡಗಿತು.

ಆ ಖಾಲಿ ಅಂಗಣವನ್ನು ಕಲ್ಪಿಸಿಕೊಂಡಾಗ ನನಗೆ ಭಯವಾಯಿತು. ಬೀಡಾ ಅಂಗಡಿಯ ಮುಂದೆ ಕಟ್ಟಿದ ಪಂಥವಾದರೆ ಅವ್ವನಿಗೆ ಬೆಳಗಾಗುವುದರೊಳಗೆ ಗೊತ್ತಾಗುತ್ತಿತ್ತು. ಹೊದಿಕೆಯೊಳಗಿನ ಫೋನಿನ ಬೆಳಕು ಯಾವ ಅವ್ವನಿಗೆ ಗೊತ್ತಾಗಬೇಕು? ನಮ್ಮಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ನಮ್ಮ ಶಾಲೆಯ ಒಬ್ಬ ಹುಡುಗಿಯ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮೇಡಂ, ಪ್ರವಾಸದ ದುಡ್ಡು ಈ ತಿಂಗಳು ಆಗಲ್ಲ. ಅವರು ಫೋನಿನಾಗೆ ಕಳಕೊಂಡಾರೆ” ಎಂದು ತಲೆ ತಗ್ಗಿಸಿದ್ದಳು. ತಪ್ಪು ಮಾಡಿದವನು ಅಲ್ಲಿರಲಿಲ್ಲ, ನಾಚಿಕೆ ಪಟ್ಟವಳು ಇವಳು.

ಇದೇ ಹುಡುಗಿ ಹತ್ತನೆಯ ತರಗತಿಗೆ ಬಂದಾಗ ನನ್ನನ್ನು ಪೇಚಿಗೆ ಸಿಕ್ಕಿಸಿದಳು. ಎರಡನೆಯ ಮಹಾಯುದ್ಧದ ಪಾಠ ಮುಗಿಸಿ, ಕೊಕುರಾದ ಮೋಡದ ಕಥೆ, ಸೈಕಲ್ ಕಥೆ ಹೇಳಿದ್ದೆ. ಅವಳು ಎದ್ದು ನಿಂತು, “ಮೇಡಂ, ಆ ದುಡ್ಡಲ್ಲಿ ಶಾಲೆ ಕಟ್ಟಿದ್ರೆ ಜೂಜು ತಪ್ಪಲ್ಲ ಅಲ್ವಾ?” ಎಂದಳು. ಗಂಟೆ ಹೊಡೆಯಿತು, ನಾನು ಬಚಾವಾದೆ. “ನಾಳೆ ಹೇಳ್ತೀನಿ ಕಣಮ್ಮ” ಎಂದು ಹೊರಬಂದೆ.

ಅಪ್ಪನ ಮಾತೂ ಇದೇ ಆಗಿತ್ತು. ಅವರು ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ವಾರಕ್ಕೆ ಎರಡು ಲಾಟರಿ ಟಿಕೆಟ್ ಕೊಳ್ಳುತ್ತಿದ್ದರು. ಟಿಕೆಟ್ ದೇವರ ಪಟದ ಹಿಂದೆ ಇರುತ್ತಿತ್ತು. ಫಲಿತಾಂಶ ಬಂದ ದಿನ ಪೇಪರಿನ ಸಣ್ಣ ಅಕ್ಷರದ ಅಂಕಿಗಳ ಮೇಲೆ ಅವರ ಬೆರಳು ಹರಿದಾಡುತ್ತಿತ್ತು. ಅವ್ವ ಗೊಣಗಿದರೆ, “ನನ್ನ ದುಡ್ಡು ಎಲ್ಲೂ ಹೋಗಿಲ್ಲ ಕಣೇ. ಯಾವುದೋ ಊರಿನ ಆಸ್ಪತ್ರೆ ಗೋಡೇಲಿ ಇಟ್ಟಿಗೆ ಆಗಿದೆ” ಎನ್ನುತ್ತಿದ್ದರು. ನನಗೆ ಮಾತ್ರ ಒಂದು ಮಾತು ಕೊಟ್ಟಿದ್ದರು, “ಲಾಟರಿ ಹೊಡೆದ ದಿನ ನಿನಗೊಂದು ಲೇಡೀಸ್ ಸೈಕಲ್.” ಹೈಸ್ಕೂಲು ಎರಡು ಮೈಲಿ ದೂರ. ನಾನು ನಡೆದೇ ಹೋದೆ. ಬಾಡಿಗೆ ಅಂಗಡಿಯ ಗಂಡಸರ ಸೈಕಲ್ಲಿನಲ್ಲಿ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯಲು ಕಲಿತೆ. ನನ್ನದು ಎನ್ನುವ ಸೈಕಲ್ ಮಾತ್ರ ಬರಲಿಲ್ಲ. ಬಿ.ಇಡಿ.ಗೆ ಸೀಟು ಸಿಕ್ಕಾಗ ಮನೆಯಲ್ಲಿ ದುಡ್ಡಿರಲಿಲ್ಲ. ಅವ್ವ ಮಾತಾಡದೆ ತನ್ನ ಬೋರಮಾಳ ಸರ ತೆಗೆದು ಗಿರವಿ ಅಂಗಡಿಗೆ ಹೋಗಿ ಬಂದಳು. ಆ ಸರ ಮತ್ತೆ ಮನೆಗೆ ಬರಲಿಲ್ಲ.

ಅಪ್ಪ ಕೆಟ್ಟವರಲ್ಲ. ಕುಡಿಯಲಿಲ್ಲ, ಕೈ ಎತ್ತಲಿಲ್ಲ, ನಾನು ಓದಬೇಕೆಂದು ಹಂಬಲಿಸಿದರು. ಸಂಬಳದಿಂದ ಆಗದ್ದು ಅದೃಷ್ಟದಿಂದ ಆದೀತೆಂದು ನಂಬಿದ್ದರು, ಅಷ್ಟೆ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ದಾರ ಕಟ್ಟಿದ ಹಳೆಯ ಟಿಕೆಟ್‌ಗಳ ಕಟ್ಟು ಸಿಕ್ಕಿತ್ತು. ಎಸೆಯಲು ಮನಸ್ಸಾಗದೆ ಇಟ್ಟಿದ್ದೆ. ಆ ಹುಡುಗಿ ಪ್ರಶ್ನೆ ಕೇಳಿದ ರಾತ್ರಿ ಅದನ್ನು ಬಿಚ್ಚಿ ಲೆಕ್ಕ ಹಾಕಿದೆ. ಟಿಕೆಟ್ಟಿಗೆ ಒಂದು ರೂಪಾಯಿ. ವಾರಕ್ಕೆ ಎರಡು, ವರ್ಷಕ್ಕೆ ನೂರಾ ನಾಲ್ಕು. ನಾನು ಹೈಸ್ಕೂಲಿಗೆ ಸೇರಿದ ಕಾಲಕ್ಕೆ ಲೇಡೀಸ್ ಸೈಕಲ್ಲಿನ ಬೆಲೆ ಆರುನೂರು ರೂಪಾಯಿಯೊಳಗಿತ್ತು. ಆರು ವರ್ಷದ ಟಿಕೆಟ್ಟೇ ಒಂದು ಸೈಕಲ್. ಅಪ್ಪ ಕೊಂಡದ್ದು ಇಪ್ಪತ್ತು ವರ್ಷ.

ನಮ್ಮ ರಾಜ್ಯದಲ್ಲಿ ಲಾಟರಿ ನಿಂತದ್ದು 2007ರಲ್ಲಿ. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 2006-07ರಿಂದ, ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿ, ಹಲವು ವರ್ಷ ಕೊಟ್ಟಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ, ನಿಜ. ಸರ್ಕಾರಕ್ಕೆ ಹೆಂಡದಿಂದ ಬರುವ ಹಣವೂ ಇದೆಯೆಂದು ನನಗೆ ಗೊತ್ತು, ನನ್ನ ಸಂಬಳದಲ್ಲೂ ಅದರ ಪಾಲಿದೆ. ಆದರೂ ನಮ್ಮ ಶಾಲೆಯ ಅಂಗಳದಲ್ಲಿ ಆ ಹೊಸ ಸೈಕಲ್ಲುಗಳ ಸಾಲು ನಿಂತ ದಿನ ನನಗೆ ನೆನಪಿದೆ. ಲಾಟರಿ ಹೋದರೂ ಸೈಕಲ್ ಬಂದಿತ್ತು.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಬೋರ್ಡಿನ ಮೇಲೆ ಸಾವಿರ ರೂಪಾಯಿಯ ಲೆಕ್ಕ ಹಾಕಿಸಿದೆ. ಐದು ಸುತ್ತು ಕಾಲು ಭಾಗ ಕಳೆಸಿದೆ. “ಶಾಲೆ ಕಟ್ಟಿದ್ದು ಸುಳ್ಳಲ್ಲ. ಸವಾರರ ದುಡಿಮೆ ಸುಳ್ಳಲ್ಲ. ಆ ಊರುಗಳಿಗೆ ಆಗ ಬೇರೆ ದಾರಿ ಕಾಣಲಿಲ್ಲ, ಅದೂ ಇರಬಹುದು. ಆದರೆ ಶಾಲೆ ಎಲ್ಲ ಮಕ್ಕಳದು, ಅದಕ್ಕೆ ದುಡ್ಡು ಕೊಟ್ಟಿದ್ದು ಮಾತ್ರ ಸೋತವರ ಮನೆ. ಆ ಮನೆಯವರನ್ನ ಯಾರೂ ಕೇಳಲಿಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ಬೋರ್ಡು ನೋಡಿ, “ನಮ್ಮ ಮನೇಲೂ ಕೇಳಲಿಲ್ಲ ಮೇಡಂ” ಎಂದು ಮೆಲ್ಲಗೆ ಹೇಳಿ ಕೂತಳು. ನಾನು ಡಸ್ಟರ್ ತೆಗೆದುಕೊಂಡು ಬೋರ್ಡಿನ ಕಡೆ ತಿರುಗಿದೆ. ಒರೆಸಲು ಬಹಳ ಹೊತ್ತು ಹಿಡಿಯಿತು.

ಅವ್ವನಿಗೆ ಈಗ ಎಂಬತ್ತರ ಮೇಲಾಯಿತು. ಮೊನ್ನೆ ಅವಳಿಗೆ ಈ ಜಪಾನಿನ ಕಥೆಯನ್ನೆಲ್ಲ ಹೇಳಿದೆ. ಮೋಡ, ಬಣ್ಣದ ಅಂಗಿ, ಕೆಲಸ ಕಳೆದುಕೊಂಡ ಹೆಂಗಸರು, ಮತ್ತೆ ಬಂದ ಹುಡುಗಿಯರು. ಎಲ್ಲ ಕೇಳಿ ಒಂದೇ ಒಂದು ಪ್ರಶ್ನೆ ಹಾಕಿದಳು.

“ಆ ಹುಡುಗೇರಿಗೆ ಕೆಲಸ ಹೋದಾಗ ಯಾರಾದ್ರೂ ಒಂದು ಲೋಟ ಹಾಲು ಕೊಟ್ರೇನೇ?”